ಅತ್ತೆಯ ವೈಫೈ ಕದ್ದವರು

ನಮ್ಮ ಸೋದರತ್ತೆ ಕನ್ನಡಿಯಲ್ಲಿ ತಮ್ಮದೇ ಮುಖ ಕಂಡರೂ, "ಇವಳ್ಯಾರು?" ಎಂದು ಒಂದು ಸಲ ಅನುಮಾನಿಸಿ ಆಮೇಲೆ ಕುಂಕುಮ ಇಟ್ಟುಕೊಳ್ಳುವವರು. ನಗಬೇಡಿ! ಹೊಳಲ್ಕೆರೆ–ಚಿತ್ರದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿದ್ದೆ ನಟಿಸುವವರನ್ನೂ ಸೀಟಿನಡಿ ಕೋಳಿ ಬಚ್ಚಿಡುವವರನ್ನೂ ಹಿಡಿದೂ ಹಿಡಿದೂ, ಇಡೀ ಲೋಕವೇ ಟಿಕೆಟ್ ಇಲ್ಲದೆ ಓಡಾಡುತ್ತಿದೆ ಎಂಬ ತೀರ್ಮಾನಕ್ಕೆ ಬಂದಿದ್ದಾರೆ.

ನಿವೃತ್ತಿಯ ಮೇಲೆ ಮಂಡಿನೋವು ಅವರನ್ನು ಹೊಳಲ್ಕೆರೆಯ ಮನೆಯಲ್ಲೇ ಕೂರಿಸಿತು. ಬೇಸರ ಕಳೆಯಲೆಂದು ಮೊಬೈಲಿಗೆ ಲೂಡೋ ಹಾಕಿಕೊಟ್ಟೆ. "ಇದ್ರಲ್ಲಿ ಮೋಸ ಮಾಡಿದೋರ್ನ ಹೊಡ್ಯಾಕೆ ಬರಲ್ಲ" ಎಂದು ಅದನ್ನು ಬಿಟ್ಟರು. ಹಿಡಿದಿದ್ದು ಯಾವುದನ್ನು? ಎಲ್ಲೆಲ್ಲೋ ಕೂತವರು ತಂಡ ಕಟ್ಟಿಕೊಂಡು, ಫೋನಿನಲ್ಲೇ ಮಾತಾಡಿಕೊಳ್ಳುತ್ತ ಬಂದೂಕಿನಲ್ಲಿ ಕಾದಾಡುವ ಆಟವನ್ನು!

ಕಾದಾಟ ಕಾವೇರಿದಾಗಲೇ ನೆಟ್ ಹೋಗಿ ವೈಫೈ ರೂಟರಿನಲ್ಲಿ ಕೆಂಪು ದೀಪ. ಯಾರೋ ವೈಫೈ ಕದಿಯುತ್ತಿದ್ದಾರೆ, ಸಂಶಯವೇ ಇಲ್ಲ! ಕರಿಬೇವು ಕೇಳುವ ನೆಪದಲ್ಲಿ ಅತ್ತೆ ಬೀದಿಯ ಮನೆಮನೆ ಹೊಕ್ಕು ತಪಾಸಣೆ ನಡೆಸಿದರು. ಪಕ್ಕದ ಮನೆಯ ಅಜ್ಜ, "ನಂದು ಬಟನ್ ಫೋನು ಕಣಮ್ಮ, ಇದ್ರಾಗೆ ಏನು ಕದೀಲಿ?" ಎಂದರೆ, "ಈ ಕಾಲದಾಗೆ ಬಟನ್ ಫೋನ್ ಯಾಕೆ ಇಟ್ಕಂಡಿದೀರಿ? ಅದೇ ನನಗೆ ಅನುಮಾನ!" ಎಂದು ಬಂದರು. ಪಾಸ್‌ವರ್ಡನ್ನು ಎಷ್ಟು ಸಲ ಬದಲಿಸಿದರೆಂದರೆ, ಕೊನೆಗೆ ತಮ್ಮ ವೈಫೈ ತಮಗೇ ಸಿಗದೆ ಹೊರಗುಳಿದರು.

ರಿಪೇರಿಯವನು ಬಂದು ಚಾವಣಿ ಹತ್ತಿ ನೋಡಿದ. "ಅಮ್ಮಾ, ವೈರು ಇಲಿ ಕಡಿದೈತೆ."

ಅತ್ತೆ ಕಣ್ಣು ಕಿರಿದು ಮಾಡಿದರು. "ಎಲ್ಲಾ ಬಿಟ್ಟು ನಮ್ಮನೆ ವೈರೇ ಯಾಕೆ? ಆ ಇಲಿ ಯಾರ ಮನೇದು?"

ವೈರೇನೋ ಹೊಸದು ಬಂತು, ಅನುಮಾನ ಮಾತ್ರ ಹಳೆಯದೇ ಉಳಿಯಿತು. ಅದೀಗ ತಂಡದಲ್ಲಿದ್ದ ಹಿರಿಯೂರಿನ ಜೊತೆಗಾರನ ಮೇಲೆ ತಿರುಗಿತು. ಆಸಾಮಿ ಸಿಡಿಲಿನಂತೆ ಓಡುತ್ತಾನೆ, ಗುರಿ ತಪ್ಪುವುದಿಲ್ಲ. ಆದರೆ ನಡುಬಯಲಲ್ಲಿ ಇದ್ದಕ್ಕಿದ್ದಂತೆ ಕಲ್ಲಾಗಿ ನಿಂತುಬಿಡುತ್ತಾನೆ! ಶತ್ರುಗಳು ಬಂದು ಹೊಡೆಯುತ್ತಾರೆ, ತಂಡ ಸೋಲುತ್ತದೆ. ಕೇಳಿದರೆ, "ನೆಟ್‌ವರ್ಕ್ ಹೋಯ್ತಕ್ಕ" ಎನ್ನುತ್ತಾನೆ.

"ನೆಟ್‌ವರ್ಕ್ ಅಲ್ಲ ಕಣೋ, ಇವನು ಆ ಕಡೆಯೋರ ಜೊತೆ ಶಾಮೀಲು!" ಎಂದು ಅತ್ತೆ ನನ್ನೆದುರು ಹಲ್ಲು ಕಡಿದರು. ಅಷ್ಟರಲ್ಲಿ ಹಿರಿಯೂರಿನಲ್ಲಿ ನೆಂಟರ ಮದುವೆ ಬಂತು. ಅತ್ತೆ ಆಟದಲ್ಲೇ ಅವನ ವಿಳಾಸ ಕೇಳಿದರು. ಅವನು ತಡವರಿಸದೆ ಹೇಳಿಬಿಟ್ಟ. ಅದೂ ಅನುಮಾನಕ್ಕೆ ದಾರಿ! ಮದುವೆ ಊಟದ ಎಲೆ ಎತ್ತುವ ಮೊದಲೇ, "ನಡಿ ಹೋಗಾಣ, ಕೈಯಾರೆ ಹಿಡೀಬೇಕು" ಎಂದು ನನ್ನನ್ನು ಎಳೆದುಕೊಂಡು ಹೊರಟರು.

ಶೀಟಿನ ಸಣ್ಣ ಮನೆ. ಬಾಗಿಲು ತೆಗೆದ ಹೆಂಗಸು, "ಬರ್ರಿ, ಕುಂತ್ಕಳ್ರಿ. ಹೊಳಲ್ಕೆರೆ ಅಕ್ಕಾರಾ? ದಿನಾ ನಿಮ್ ಮಾತೇ" ಎಂದು ಒಳಗೆ ಕರೆದರು. ಕಿಟಕಿಯ ಪಕ್ಕದ ಮಂಚದ ಮೇಲೆ ಅವರ ಮಗ ಮಲಗಿದ್ದ. ಮೂವತ್ತರ ಆಸುಪಾಸು, ಲಾರಿ ಓಡಿಸುತ್ತಿದ್ದವನಂತೆ. ಅಪಘಾತವಾದ ಮೇಲೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ.

"ನಿಮ್ಮ ಗದರಿಕೆ ಕೇಳಿ ಪೊಲೀಸ್ ಇನ್ಸ್‌ಪೆಕ್ಟ್ರೇ ಅಂದ್ಕಂಡಿದ್ದೆ" ಎಂದು ನಕ್ಕ.

ಅತ್ತೆ ನಗಲಿಲ್ಲ. "ನಡುವೆ ಯಾಕೆ ನಿಂತ್ಬಿಡ್ತೀಯ?" ಎಂದರು. ದನಿಯಲ್ಲಿ ಮೊದಲಿನ ಖಾರವಿರಲಿಲ್ಲ.

"ಸಿಗ್ನಲ್ ಈ ಕಿಟಕಿ ಹತ್ರ ಮಾತ್ರ ಬರುತ್ತಕ್ಕ. ಬೆನ್ನು ಹುಣ್ಣಾಗಬಾರ್ದು ಅಂತ ಅವ್ವ ಆಗಾಗ ಗೋಡೆ ಕಡೆ ಹೊರಳಿಸ್ತಾಳೆ. ಆಗ ನೆಟ್ ಹೋಗುತ್ತೆ." ಪಕ್ಕದಲ್ಲಿದ್ದ ಮೊಬೈಲ್ ಕೈಗೆತ್ತಿಕೊಂಡು, "ಆಟದಾಗೆ ಆದ್ರೆ ಓಡ್ತೀನಲ್ಲ, ಅದಕ್ಕೇ ಬಿಡಾಕೆ ಮನಸ್ಸಿಲ್ಲ" ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಯಾರನ್ನೂ ಅನುಮಾನಿಸಲಿಲ್ಲ. ನನಗೆ ಭಯವೇ ಆಯಿತು!

ಮೊನ್ನೆ ಹೊಳಲ್ಕೆರೆಗೆ ಹೋದಾಗ ಆಟ ನಡೆದಿತ್ತು. ಅವನು ಬಯಲಲ್ಲಿ ಗಕ್ಕನೆ ನಿಂತುಬಿಟ್ಟ. ಅತ್ತೆ ಅಡಗಿದ್ದ ಬಂಡೆಯ ಮರೆಯಿಂದ ಎದ್ದು ಓಡಿಹೋಗಿ, ಅವನ ಮುಂದೆ ಅಡ್ಡ ನಿಂತರು. ಗುಂಡುಗಳೆಲ್ಲ ಅತ್ತೆಗೇ ಬೀಳತೊಡಗಿದವು.

"ಅತ್ತೆ, ಸಾಯ್ತೀರಿ! ಮರೆಗೆ ಬನ್ನಿ!" ಎಂದೆ.

"ಸುಮ್ನಿರಲೇ" ಎಂದರು, ಪರದೆಯಿಂದ ಕಣ್ಣು ತೆಗೆಯದೆ. "ಅವನ ಅವ್ವ ಅವನ್ನ ಕಿಟಕಿ ಕಡೆ ಹೊರಳಿಸ್ಲಿ. ಅಲ್ಲಿಗಂಟ ನಾನಿದೀನಿ."