ಪೊರಕೆ ಕಡ್ಡಿಯಲ್ಲಿ ಅಳೆದ ಮೆಮೊರಿ

ನಮ್ಮ ತಾಳವಾಡಿ ಕಡೆಯವರಿಗೆ ಕಣ್ಣಿಗಿಂತ ಕಡ್ಡಿಯ ಮೇಲೆ ನಂಬಿಕೆ ಜಾಸ್ತಿ. ಮಗುವಿಗೆ ಚಪ್ಪಲಿ ಬೇಕೆಂದರೆ ಮಗುವನ್ನು ಸಂತೆಗೆ ಕರೆದೊಯ್ಯುವ ರಗಳೆ ಇಟ್ಟುಕೊಳ್ಳುವುದಿಲ್ಲ. ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಪಾದದ ಕೆಳಗಿಟ್ಟು, ಹೆಬ್ಬೆರಳಿನ ತುದಿಗೆ ಸರಿಯಾಗಿ ಮುರಿದು, ಆ ಕಡ್ಡಿಯನ್ನು ಸಂತೆಗೆ ಒಯ್ಯುತ್ತೇವೆ. ನಮ್ಮ ಅವ್ವ ಬೇಗ ತೀರಿಕೊಂಡಳು, ನನ್ನನ್ನು ಸಾಕಿದವಳು ಅಕ್ಕ ಚಿಕ್ಕತಾಯಮ್ಮ. ಅವಳು ಕಡ್ಡಿ ಮುರಿಯುವಾಗ ಒಂದು ಉಗುರಿನಷ್ಟು ಜಾಸ್ತಿ ಬಿಡುತ್ತಿದ್ದಳು, ಬೆಳೆಯೋ ಕಾಲು ಅಂತ. ಹೀಗಾಗಿ ಎಂಟನೇ ಕ್ಲಾಸಿನವರೆಗೂ ನಾನು ಮುಂದೆ, ನನ್ನ ಚಪ್ಪಲಿ ಒಂದು ಹೆಜ್ಜೆ ಹಿಂದೆ. ಈಗ ನನಗೆ ಐವತ್ತೆರಡು. ಪಣಕಹಳ್ಳಿಯಲ್ಲಿ ಕನ್ನಡ ಮೇಷ್ಟ್ರು. ಕಂಡವರಿಗೆಲ್ಲ ಬುದ್ಧಿ ಹೇಳುವುದು ಅಭ್ಯಾಸವಾಗಿಹೋಗಿದೆ. ಅಂಥವನು ಹೋದ ವರ್ಷ ಲ್ಯಾಪ್‌ಟಾಪಿಗೆ ಮೆಮೊರಿ ಕೊಳ್ಳಲು ಜೇಬಿನಲ್ಲಿ ಪೊರಕೆ ಕಡ್ಡಿ ಇಟ್ಟುಕೊಂಡು ಹೋದೆ ಎನ್ನುವುದನ್ನು ನಿಮ್ಮ ಹತ್ತಿರ ಮಾತ್ರ ಒಪ್ಪಿಕೊಳ್ಳುತ್ತಿದ್ದೇನೆ.

ಲ್ಯಾಪ್‌ಟಾಪು ನನ್ನದಲ್ಲ. ಅಕ್ಕನ ಒಬ್ಬಳೇ ಮಗಳು ನಾಗವೇಣಿ ಪ್ಲಸ್ ಟು ಓದುವಾಗ ತಮಿಳುನಾಡು ಸರ್ಕಾರ ಕೊಟ್ಟದ್ದು. ಭಾವ ಹೋದ ಮೇಲೆ ತಾಯಿ ಮಗಳು ಇಬ್ಬರೂ ನನ್ನ ಮನೆಯಲ್ಲೇ ಇದ್ದರು. ವೇಣಿಗೆ ಕೊಳ್ಳೇಗಾಲದ ಕಡೆ ಗಂಡು ಸಿಕ್ಕಿ ಮದುವೆ ಮಾಡಿ ಕಳಿಸಿದೆವು. ಹೋಗುವಾಗ, ನೀನೇ ಇಟ್ಕೊ ಮಾವ, ಪ್ರಶ್ನೆಪತ್ರಿಕೆ ಟೈಪ್ ಮಾಡು ಅಂತ ಇದನ್ನು ನನಗೆ ಬಿಟ್ಟುಹೋದಳು. ಎರಡನೇ ವರ್ಷ ಅವಳಿಗೆ ಜ್ವರ ಬಂತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ವಾಪಸ್ಸು ಬರಲಿಲ್ಲ. ಇದನ್ನು ಇನ್ನೂ ಉದ್ದಕ್ಕೆ ಬರೆಯಲು ನನಗೆ ಆಗುವುದಿಲ್ಲ.

ಅವಳ ಮದುವೆಯ ವಿಡಿಯೋ ಒಂದು ಪೆನ್‌ಡ್ರೈವಿನಲ್ಲಿ ಸಾಸಿವೆ ಡಬ್ಬಿಯೊಳಗೆ ಬಿದ್ದಿತ್ತು. ಅವಳಿದ್ದಾಗ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ, ಹೋದ ಮೇಲೆ ಯಾರಿಗೂ ಧೈರ್ಯವಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕನೇ ಹಾಕು ಅಂದಳು. ಹಾಕಿದೆ. ಒಳಗಿನ ಫ್ಯಾನು ರಾಗಿ ಮಿಲ್ಲಿನ ಹಾಗೆ ಕೂಗುತ್ತ, ಧಾರೆ ಮುಗಿದು, ಊಟ ಮುಗಿದು, ಹೆಣ್ಣು ಕಳಿಸುವ ಹೊತ್ತು ಬಂತು. ವೇಣಿ ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಹಿಂದಕ್ಕೆ ತಿರುಗಿ, ಮನೆ ಬಾಗಿಲ ಕಡೆ ನೋಡಿದಳು. ಅಷ್ಟೇ. ಲ್ಯಾಪ್‌ಟಾಪು ಅಲ್ಲಿಗೆ ನಿಂತುಬಿಟ್ಟಿತು. ಏನು ಒತ್ತಿದರೂ ಅಲುಗಲಿಲ್ಲ. ಮದುವೆ ದಿನ ಆ ಹೊತ್ತಿಗೆ ಅಕ್ಕ ಬಾಗಿಲಲ್ಲಿರಲಿಲ್ಲ, ದಾರಿಗೆ ಬುತ್ತಿ ಕಟ್ಟಲು ಒಳಗೆ ಹೋಗಿದ್ದಳು. ಮಗಳು ತಿರುಗಿ ನೋಡಿದ್ದಳು ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ದಿನಾ ಇದೇ ಆಯಿತು. ಮಧ್ಯಾಹ್ನ ಹಸುವಿಗೆ ನೀರು ಕುಡಿಸಿ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು ಅಕ್ಕ ಕೂರುವುದು, ನಾನು ಹಾಕುವುದು, ಅದು ಸರಿಯಾಗಿ ಅಲ್ಲಿಗೇ ನಿಲ್ಲುವುದು. ನನಗೋ ಮುಖ ಎತ್ತಲಾಗದಷ್ಟು ನಾಚಿಕೆ. ಒಂದು ಮದುವೆ ಪೂರ್ತಿ ತೋರಿಸುವ ಯೋಗ್ಯತೆ ಇಲ್ಲದ ಮೇಷ್ಟ್ರು! ಅಕ್ಕ ಮಾತ್ರ, ಇರ್ಲಿ ಬುಡ್ಲಾ, ಚೆನ್ನಾಗೇ ಅದೆ, ಅನ್ನುತ್ತ ಆ ನಿಂತ ಮುಖವನ್ನೇ ಅರ್ಧ ಗಂಟೆ ನೋಡುತ್ತ ಕೂರುತ್ತಿದ್ದಳು. ನನ್ನ ಮನಸ್ಸು ನೋಯಬಾರದೆಂದು ಹಾಗೆ ಹೇಳುತ್ತಿದ್ದಾಳೆ ಅಂದುಕೊಂಡೆ. ಬುದ್ಧಿವಂತರು ಹಾಗೆಯೇ ಅಂದುಕೊಳ್ಳುವುದು.

ಮೆಮೊರಿ ಎರಡೇ ಜಿಬಿ ಇದೆ, ಎಂಟು ಹಾಕಿದರೆ ಕುದುರೆ ಹಾಗೆ ಓಡುತ್ತದೆ ಎಂದು ಸತ್ಯಮಂಗಲದ ಅಂಗಡಿಯವನು ಫೋನಿನಲ್ಲಿ ಹೇಳಿದ. ಹಿಂದಿನ ಮುಚ್ಚಳ ಬಿಚ್ಚಿ ನೋಡಿದೆ. ಮೆಮೊರಿ ಅಂದರೆ ಬೆರಳುದ್ದದ ಹಸಿರು ಪಟ್ಟಿ, ಕೂರಲು ಒಂದೇ ಜಾಗ. ನಾನು ಕೇಳುವ ಮೊದಲೇ ಅಕ್ಕ ಪೊರಕೆ ಕಡ್ಡಿ ತಂದಿದ್ದಳು. ಅಳತೆಗೆ ಮುರಿಯುವಾಗ ಅಭ್ಯಾಸಬಲದಿಂದ ಉಗುರಿನಷ್ಟು ಜಾಸ್ತಿ ಬಿಡಲು ಹೋದಳು. ಇದು ಬೆಳೆಯಲ್ಲ ಕಣಕ್ಕ ಅಂದೆ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು, ಅಂಗಡಿಯವನ ಮುಂದೆ ಕಡ್ಡಿ ಇಟ್ಟೆ. ಅವನು ಕಡ್ಡಿಯನ್ನೂ ನನ್ನನ್ನೂ ಒಂದೊಂದು ಸಲ ನೋಡಿ, ಅದೇ ಉದ್ದದ ಪಟ್ಟಿ ಕೊಟ್ಟ. ಹೆಚ್ಚೆಂದರೆ ರಾಗಿ ಕಾಳಿನಷ್ಟು ವ್ಯತ್ಯಾಸ. ಮನೆಗೆ ತಂದು ಒತ್ತಿದೆ. ಒಳಗೆ ಹೋಗಲೊಲ್ಲದು. ಮಧ್ಯದಲ್ಲಿರುವ ಕಚ್ಚು ಬೇರೆ ಜಾಗದಲ್ಲಿತ್ತು. ಫೋನು ಮಾಡಿದರೆ ಅಂಗಡಿಯವನು ತಮಿಳಿನಲ್ಲಿ ಸಮಾಧಾನವಾಗಿ ಹೇಳಿದ: ಅಳತೆ ಸರಿ ಸಾರ್, ಜಾತಿ ಬೇರೆ. ನಿಮ್ಮದು ಮೂರನೇದು, ನಾನು ಕೊಟ್ಟಿದ್ದು ನಾಲ್ಕನೇದು. ಅಕ್ಕನಿಗೆ ಹೇಳಿದೆ. ಅದ್ರಲ್ಲೂ ಜಾತಿಯಾ ಅಂತ ಅವಳು ಹಸುವಿನ ಕಡೆ ಹೋದಳು.

ಎರಡನೇ ಸಲ ಮೂರನೇ ಜಾತಿಯದನ್ನೇ ತಂದೆ. ಲಕ್ಷಣವಾಗಿ ಕೂತಿತು. ಆದರೆ ಬಟನ್ ಒತ್ತಿದರೆ ಪರದೆ ಕಪ್ಪಗೇ ಉಳಿಯಿತು. ಮೂರನೇ ಜಾತಿಯಲ್ಲೂ ಕಡಿಮೆ ಕರೆಂಟಿನಲ್ಲಿ ನಡೆಯುವ ಒಳಪಂಗಡ ಒಂದಿದೆಯಂತೆ, ಹೆಸರಿನ ಕೊನೆಗೆ ಎಲ್ ಅಂತ ಒಂದು ಅಕ್ಷರ ಇರುತ್ತದಂತೆ. ಅದಿಲ್ಲದಿದ್ದರೆ ನಮ್ಮ ಲ್ಯಾಪ್‌ಟಾಪು ಕಣ್ಣೇ ಬಿಡುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗೆ ಮೂರನೇ ಸಲ ಕಡ್ಡಿ ಬಿಟ್ಟು, ಹಳೇ ಪಟ್ಟಿಯನ್ನೇ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದೆ. ಅವನು ಅದರ ಮೇಲಿನ ಚೀಟಿ ಓದಿ, ಅಕ್ಷರಕ್ಕೆ ಅಕ್ಷರ ನೋಡಿ, ಸರಿಯಾದದ್ದನ್ನು ಕೊಟ್ಟು, ಇದನ್ನೇ ಮೊದಲು ತರಬಾರದಿತ್ತಾ ಸಾರ್ ಅಂದ. ಪಂಪ್‌ಸೆಟ್ಟಿನ ವಾಷರ್ ತರಲು ಹೋಗುವ ಅಕ್ಷರ ಬಾರದ ನನ್ನ ಪಕ್ಕದ ಮನೆಯವನೂ ಹಳೇ ವಾಷರ್ ಹಿಡಿದೇ ಹೋಗುತ್ತಾನೆ. ನಾನು ಎಂ.ಎ. ಓದಿದವನು, ಕಡ್ಡಿ ಒಯ್ದಿದ್ದೆ.

ಮಾರನೇ ದಿನ ಮಧ್ಯಾಹ್ನ ಅಕ್ಕನನ್ನು ಕೂರಿಸಿ, ಈಗ ನೋಡಕ್ಕ, ಅಂತ ಜಂಬದಿಂದ ಹಾಕಿದೆ. ಫ್ಯಾನು ಕೂಗಲಿಲ್ಲ. ವೇಣಿ ಮೆಟ್ಟಿಲ ಮೇಲೆ ಕಾಲಿಟ್ಟಳು. ತಿರುಗಿದಳು. ಅರ್ಧ ಕ್ಷಣ ನೋಡಿದಳೋ ಇಲ್ಲವೋ, ವ್ಯಾನು ಹತ್ತಿ ಕೂತಳು. ಬಾಗಿಲು ಹಾಕಿಕೊಂಡಿತು, ವ್ಯಾನು ಹೊರಟಿತು, ಬೀದಿಯಲ್ಲಿ ಧೂಳು ಉಳಿಯಿತು. ಆ ಧೂಳಿನೊಳಕ್ಕೆ, ಕೈಯಲ್ಲಿ ಬುತ್ತಿ ಹಿಡಿದುಕೊಂಡು, ಒಬ್ಬ ಹೆಂಗಸು ಮನೆಯೊಳಗಿಂದ ಓಡಿಬಂದಳು. ಬೀದಿ ತುದಿ ನೋಡಿದಳು. ಬುತ್ತಿಯನ್ನು ಯಾರಿಗೆ ಕೊಡಬೇಕೋ ತಿಳಿಯದೆ ನಿಂತಳು. ಅಕ್ಕ ಅದನ್ನು ನೋಡಿದಳು. ಮುಂದೆ ಇಂಥದೊಂದು ಇದೆ ಎಂದು ನನಗೆ ದೇವರಾಣೆ ಗೊತ್ತಿರಲಿಲ್ಲ.

ಒರೆಸಿದ ಕೈಯನ್ನೇ ಮತ್ತೆ ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ, ಅದು ಅಲ್ಲಿಗೇ ಮುಗೀತದೆ ಅಂದ್ಕೊಂಡಿದ್ದೆ ಕಣ್ಲಾ, ಅಂದಳು. ಅವಳ ಮನಸ್ಸಿನಲ್ಲಿ ವಿಡಿಯೋ ಅಷ್ಟೇ ಇದ್ದದ್ದು: ಮಗಳು ಬಾಗಿಲ ಕಡೆ ತಿರುಗಿ ನಿಲ್ಲುತ್ತಾಳೆ, ತಾಯಿ ಬಂದು ಎದುರಿಗೆ ಕೂರುತ್ತಾಳೆ. ದಿನಾ ಮಧ್ಯಾಹ್ನ ಅಕ್ಕ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದಿದ್ದಳು. ನಾನು ಮೂರು ಸಲ ಘಾಟಿ ಇಳಿದು ಹತ್ತಿ ಅವಳನ್ನು ಮತ್ತೆ ತಡಮಾಡಿಸಿದೆ.

ಆದರೂ ಮೇಷ್ಟ್ರ ಬುದ್ಧಿ ಬಿಡಬೇಕಲ್ಲ. ಅಷ್ಟಕ್ಕೇನಕ್ಕ, ಇಲ್ಲಿ ಒತ್ತಿದರೆ ನಿಲ್ಲುತ್ತದೆ ಅಂತ ಹಿಂದಕ್ಕೆ ಓಡಿಸಿ, ಸರಿಯಾಗಿ ಆ ಮುಖಕ್ಕೆ ನಿಲ್ಲಿಸಿ ತೋರಿಸಿದೆ. ಅಕ್ಕ ಒಂದು ಸಲ ನೋಡಿ ಅಡ್ಡಡ್ಡ ತಲೆಯಾಡಿಸಿದಳು.

"ಇದು ನೀ ನಿಲ್ಸಿದ್ದು. ಆವಾಗ ಅವಳೇ ನಿಂತ್ಕತಿದ್ಲು ಕಣ್ಲಾ."

ಅವತ್ತೇ ಸಂಜೆ ಮುಚ್ಚಳ ಬಿಚ್ಚಿ ಹೊಸ ಪಟ್ಟಿ ತೆಗೆದು ಹಳೇದನ್ನು ಕೂರಿಸಿದೆ. ಹೊಸದು ಸಾಸಿವೆ ಡಬ್ಬಿ ಸೇರಿತು. ವಾರದ ಮೇಲೆ ಅಂಗಡಿಯವನು ಫೋನು ಮಾಡಿ, ಈಗ ಹೇಗಿದೆ ಸಾರ್ ಅಂತ ವಿಚಾರಿಸಿದ. ಒಳ್ಳೆಯ ಮನುಷ್ಯ. ಬಹಳ ಚೆನ್ನಾಗಿ ನಿಲ್ಲುತ್ತಿದೆ ಅಂತ ಹೇಳಲು ಬಾಯಿ ಬರದೆ, ಓಡ್ತಾ ಇದೆ ಅಂದೆ.

ಈಗ ಮತ್ತೆ ಮಧ್ಯಾಹ್ನ ಫ್ಯಾನು ಕೂಗುತ್ತದೆ, ವೇಣಿ ತಿರುಗಿ ನಿಲ್ಲುತ್ತಾಳೆ, ಅಕ್ಕ ಎದುರಿಗಿರುತ್ತಾಳೆ. ಆದರೆ ಮೊನ್ನೆ ಈ ಹಾಳು ಯಂತ್ರಕ್ಕೆ ಏನು ಬುದ್ಧಿ ಬಂತೋ, ನಿಲ್ಲದೆ ಮುಂದಕ್ಕೆ ಹೊರಟಿತು. ವ್ಯಾನಿನ ಬಾಗಿಲು ಹಾಕುವಷ್ಟರಲ್ಲಿ ನಾನು ಮುಚ್ಚಳ ಬಡಿದು ಮುಚ್ಚಿ, ಕರೆಂಟು ಹೋಯ್ತಕ್ಕ, ಅಂದೆ. ತಲೆಯ ಮೇಲೆ ಬಲ್ಬು ಉರಿಯುತ್ತಲೇ ಇತ್ತು. ಅಕ್ಕ ಬಲ್ಬಿನ ಕಡೆ ನೋಡಲಿಲ್ಲ. ಅಂದಿನಿಂದ ಅವಳು ಹಸುವಿಗೆ ನೀರು ಕುಡಿಸಿ ಬರುವ ಮೊದಲೇ ನಾನು ಲ್ಯಾಪ್‌ಟಾಪಿನಲ್ಲಿ ಹಾಜರಿ ಪಟ್ಟಿ, ಮೂರು ವರ್ಷದ ಪ್ರಶ್ನೆಪತ್ರಿಕೆ, ಶಾಲಾ ವಾರ್ಷಿಕೋತ್ಸವದ ಫೋಟೋ ಎಲ್ಲವನ್ನೂ ತೆರೆದಿಟ್ಟು ಅದರ ಮೆಮೊರಿಯ ಮೇಲೆ ಭಾರ ಹೊರಿಸುತ್ತೇನೆ. ಎಷ್ಟು ಭಾರ ಹೊರಿಸಿದರೆ ಸರಿಯಾಗಿ ಅಲ್ಲಿಗೇ ನಿಲ್ಲುತ್ತದೆ ಎಂದು ಅಳೆಯಲು ನನ್ನ ಹತ್ತಿರ ಕಡ್ಡಿಯಿಲ್ಲ. ಅದಕ್ಕೇ ಇರಲಿ ಅಂತ ಉಗುರಿನಷ್ಟು ಜಾಸ್ತಿಯೇ ಹೊರಿಸಿರುತ್ತೇನೆ.