ಜನನ ಪತ್ರದ ನಕಲು ಸಮುದ್ರ ದಾಟಿದ್ದು

ಮಸ್ಕಿ ಗುಡ್ಡದ ಮಲ್ಲಯ್ಯನ ಪಾದಕ್ಕೆ ಮೊದಲು ಶರಣು. ನಮ್ಮ ಹುಟ್ಟಿಗೆ ಅವನೊಬ್ಬನ ಸಾಕ್ಷಿ ಸಾಕು, ಅದಕ್ಕೆ ಮೊಹರು ಬೇಕಿಲ್ಲ. ಆದರೆ ಕಚೇರಿಗಳಿಗೆ ಬೇಕು. ಪರದೇಶದಲ್ಲಿರುವವರಿಗೆ ಇಂಥ ಪ್ರಸಂಗ ಒಂದು ಮುಗಿಯುವುದರೊಳಗೆ ಇನ್ನೊಂದು ಬರುತ್ತಲೇ ಇರುತ್ತದೆ: ನಾವು ಇಲ್ಲಿರುತ್ತೇವೆ, ಕಾಗದ ಊರಲ್ಲಿರುತ್ತದೆ, ನಡುವೆ ಮನೆಯ ಹಿರಿಯರು ಬಸ್ಸು ಹತ್ತಿ ಇಳಿಯುತ್ತಿರುತ್ತಾರೆ.

ನಾನು ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸು. ಯಜಮಾನರ ಕೆಲಸವೂ ಇಲ್ಲೇ. ಆರು ವರ್ಷದ ಮಗಳು ಮಾತ್ರ ಮಸ್ಕಿಯಲ್ಲಿ ನಮ್ಮ ಅತ್ತೆ-ಮಾವನ ಹತ್ತಿರ ಇದ್ದಳು. ಶಾಲೆ ತೆರೆಯುವುದರೊಳಗೆ ಅವಳನ್ನು ಕರೆಸಿಕೊಂಡೇ ತೀರುತ್ತೇನೆ ಎಂದು ಮಲ್ಲಯ್ಯನಿಗೆ ಹರಕೆ ಹೊತ್ತೆ. ವೀಸಾಕ್ಕೆ ಅವಳ ಜನನ ಪತ್ರದ ನಕಲು ಬೇಕು. ಬರೀ ಝೆರಾಕ್ಸ್ ಅಲ್ಲ, ಒಬ್ಬ ದೊಡ್ಡ ಅಧಿಕಾರಿ ‘ಇದು ಅಸಲಿನಂತೆಯೇ ಇದೆ’ ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿದ್ದು. ಅಸಲನ್ನೇ ಕಳಿಸಿಬಿಡಿ ಎಂದರೆ ಅತ್ತೆ ಒಪ್ಪಲಿಲ್ಲ. ಆ ಕಾಗದ ಬಂದ ದಿನದಿಂದ ದೇವರ ಜಗಲಿ ಮೇಲಿದೆ, ಅದು ಜಗಲಿ ಇಳಿದು ವಿಮಾನ ಹತ್ತುವುದಿಲ್ಲ ಎಂದುಬಿಟ್ಟರು.

ಸಿಂಧನೂರಿನಲ್ಲಿ

ಮಾವ ಮಡಿ ಧೋತರ ಉಟ್ಟು, ಝೆರಾಕ್ಸನ್ನು ಹೊಸ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಸಿಂಧನೂರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಭತ್ತ ಹೇರಿದ ಟ್ರ್ಯಾಕ್ಟರಿನ ಹಿಂದೆ ಬಸ್ಸು, ಬಸ್ಸಿನೊಳಗೆ ಎದೆಗೆ ಚೀಲ ಅವಚಿಕೊಂಡು ಮಾವ. ಅಲ್ಲೊಬ್ಬ ಅಧಿಕಾರಿ ಕಾಗದ ನೋಡಿ, ಅಸಲು ಎಲ್ಲಿ ಎಂದು ಕೇಳಿದರಂತೆ. ಮನೆಯಲ್ಲಿದೆ ಎಂದರು ಮಾವ. ಅಸಲು ನೋಡದೆ ನಕಲು ಅದರಂತೆಯೇ ಇದೆ ಎಂದು ಹೇಗೆ ಬರೆಯಲಿ ಎಂದರು ಅವರು.

“ನಾ ನೋಡೀನಲ್ರೀ ಸಾಹೇಬ್ರ,” ಎಂದರಂತೆ ಮಾವ. “ಹಂಗೇ ಐತಿ.”

“ನಾ ನೋಡ್ಬೇಕ್ರೀ ಯಜಮಾನ್ರ.”

“ಹಂಗಾದ್ರ ಈಗ ಮಸ್ಕಿಗೆ ಹೋಗೂ ಬಸ್ ಐತಿ, ಏಳ್ರಿ. ನಮ್ಮಾಕಿ ರೊಟ್ಟಿ ಬಡಿಯಾಕತ್ತಾಳ. ಉಂಡು, ನೋಡಿ, ಬರದು ಬರೂವಂತ್ರಿ.”

ಅಧಿಕಾರಿ ನಕ್ಕು ಚಹಾ ಕುಡಿಸಿ ಕಳಿಸಿದರು. ಮಾವ ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟು: “ಮನಿಷ್ಯಾ ಭಾಳ ಚೊಲೋ ಇದ್ದಾನವ್ವಾ. ಸಹಿ ಒಂದು ಮಾಡ್ಲಿಲ್ಲ.”

ಲಿಂಗಸೂಗೂರಿನಲ್ಲಿ

ಮಲ್ಲಯ್ಯ ನಡೆಸಿಕೊಡುತ್ತಾನೆ ಎಂದು ಮರುವಾರ ಮಾವನನ್ನು ಮತ್ತೆ ಎಬ್ಬಿಸಿದೆ. ಅತ್ತೆ ಅಸಲಿಗೆ ಕೈಮುಗಿದು, ಒಂದು ದಿನದ ಮಟ್ಟಿಗೆ ಜಗಲಿ ಇಳಿಸಿಕೊಟ್ಟರು. ಈ ಸಲ ಮಾವ ಹೋದದ್ದು ಲಿಂಗಸೂಗೂರಿಗೆ, ಒಬ್ಬ ಸರಕಾರಿ ಕಾಲೇಜಿನ ಪ್ರಾಚಾರ್ಯರ ಹತ್ತಿರ; ಅವರ ಸಹಿಯೂ ನಡೆಯುತ್ತದೆ.

ಪ್ರಾಚಾರ್ಯರು ಅಸಲನ್ನು ಬಿಡಿಸಿದರು. ತಟ್ಟನೆ ಕಾಲಿನ ಚಪ್ಪಲಿ ಬಿಟ್ಟರಂತೆ. ನಮ್ಮ ಮನೆಯಲ್ಲಿ ದೀಪಾವಳಿ ಲಕ್ಷ್ಮಿಪೂಜೆಗೆ ಹೊಲದ ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲ ಕಾಗದಕ್ಕೂ ಕುಂಕುಮ ಹಚ್ಚುವ ರೂಢಿ. ಮೊಮ್ಮಗಳ ಕಾಗದವೆಂದರೆ ಅತ್ತೆಗೆ ಕೈ ಒಂದಿಷ್ಟು ಧಾರಾಳ. ಹುಟ್ಟಿದ ತಾರೀಖಿನ ಮೇಲೆ ವರ್ಷಕ್ಕೊಂದರಂತೆ ಸಾಲಾಗಿ ಕೆಂಪು ಬೊಟ್ಟು. ಝೆರಾಕ್ಸಿನಲ್ಲಿ ಅವೆಲ್ಲ ಕಪ್ಪಾಗಿ ತಾರೀಖನ್ನು ನುಂಗಿಬಿಟ್ಟಿದ್ದವು.

ಪ್ರಾಚಾರ್ಯರು ಬೊಟ್ಟುಗಳನ್ನು ಬೆರಳಿಟ್ಟು ಎಣಿಸಿದರು. “ತಾರೀಖು ಕಾಣವಲ್ದು. ಆದ್ರ ಕೂಸಿಗೆ ಆರು ವರ್ಷ ಹೌದಲ್ರೀ?” ಎಂದರು. ಒರೆಸಿಕೊಂಡು ಬನ್ನಿ ಎನ್ನಲು ಅವರಿಗೆ ಬಾಯಿ ಬರಲಿಲ್ಲ, ಒರೆಸಲು ಮಾವನಿಗೆ ಕೈ ಬರಲಿಲ್ಲ. ಕೊನೆಗೆ ಆ ಪುಣ್ಯಾತ್ಮರು ಪೆನ್ನು ತೆಗೆದು, ಅಚ್ಚ ಇಂಗ್ಲಿಷಿನಲ್ಲಿ ಬರೆದು ಮೊಹರು ಒತ್ತಿದರು: ‘ಈ ನಕಲು ಅಸಲಿನಂತೆಯೇ ಇದೆ, ಕುಂಕುಮ ಸಹಿತ.’

ಲಕೋಟೆಯ ಹಣೆ

ಆ ನಕಲು ಮಸ್ಕತ್ತಿಗೆ ಬಂತು. ಇಲ್ಲಿನ ವೀಸಾ ಕಚೇರಿಯ ಕೌಂಟರಿನಲ್ಲಿ ನೆರೆತ ಗಡ್ಡದ ಒಬ್ಬ ಸಾಹೇಬರು. ಅರೆಬರೆ ಹಿಂದಿಯಲ್ಲಿ ಸಮಾಧಾನವಾಗಿ ಹೇಳಿದರು, ಮೊಹರು ಚೆನ್ನಾಗಿದೆ, ಆದರೆ ಮಗು ಯಾವತ್ತು ಹುಟ್ಟಿತೆಂದು ಕಾಣಬೇಕಲ್ಲ. ಆ ನಕಲನ್ನು ಫೈಲಿನಲ್ಲೇ ಇಟ್ಟುಕೊಂಡರು. ಶಾಲೆ ತೆರೆಯಲು ಒಂದು ತಿಂಗಳಿತ್ತು.

ಬಿಡಲಿಲ್ಲ ನಾನು. ಹೊಸ ಜನನ ಪತ್ರವನ್ನೇ ತೆಗೆಸಿದೆ. ಮಾವ ಮತ್ತೆ ಲಿಂಗಸೂಗೂರಿಗೆ ಹೋಗಿ, ಅದೇ ಪ್ರಾಚಾರ್ಯರಿಂದ ಅದರ ನಕಲಿಗೆ ಸಹಿ ಹಾಕಿಸಿದರು. ಕಳಿಸುವ ಮುಂಚೆ ಅತ್ತೆಗೆ ಫೋನಿನಲ್ಲೇ ಕೈಮುಗಿದು ಹೇಳಿದೆ, ಈ ಸಲ ಕುಂಕುಮ ಬೇಡ.

“ನಮ್ಮ ಕೂಸಿನ ಕಾಗದ ಬರೀ ಹಣೀಲೆ ಸಮುದ್ರ ದಾಟಬೇಕೇನ ತಂಗಿ?” ಎಂದರು ಅತ್ತೆ.

ನಾನೂ ಕುಂಕುಮ ನಂಬಿದವಳೇ. ಲಕೋಟೆಗೆ ಹಚ್ಚಿರಿ ಎಂದೆ. ಹಚ್ಚಿದರು. ಕೊರಿಯರಿನ ಹುಡುಗಿ ನನ್ನ ಬಾಗಿಲಿಗೆ ಬಂದಾಗ ಅವಳ ಹತ್ತು ಬೆರಳೂ ಕೆಂಪಗಿದ್ದವು; ನಮ್ಮ ಮನೆಯಲ್ಲಿ ಮದುವೆಯೇ ಎಂದು ಕೇಳಿದಳು.

ಎರಡು ಸತ್ಯ

ಸಾಹೇಬರು ಹೊಸ ನಕಲನ್ನು ಹಳೆಯದರ ಪಕ್ಕದಲ್ಲಿಟ್ಟರು. ಹುಬ್ಬು ಗಂಟಾಯಿತು. ಅದೇ ಮಗು, ಅದೇ ಅಧಿಕಾರಿ, ಅದೇ ಮೊಹರು. ಒಂದರಲ್ಲಿ ಅಸಲಿಗೆ ಕುಂಕುಮವಿದೆ ಎಂದು ಬರೆದಿದ್ದಾರೆ, ಇನ್ನೊಂದರಲ್ಲಿ ಕುಂಕುಮವೇ ಇಲ್ಲ. ಯಾವುದು ನಿಜ? ಅಸಲು ನೋಡಬೇಕು, ಇಲ್ಲವಾದರೆ ಫೈಲು ವಾಪಸು ಎಂದರು.

ಮಲ್ಲಯ್ಯನನ್ನು ನೆನೆದು ಅಲ್ಲಿಂದಲೇ ಅತ್ತೆಗೆ ವಿಡಿಯೋ ಕಾಲ್ ಹಚ್ಚಿದೆ. ಜಗಲಿಯ ಮುಂದೆ ಕೂತು ಅತ್ತೆ ಒಂದು ಕೈಯಲ್ಲಿ ಹಳೆಯ ಅಸಲು, ಇನ್ನೊಂದರಲ್ಲಿ ಹೊಸ ಅಸಲು ಹಿಡಿದರು. ನಮ್ಮ ಮಗಳು ಫೋನು ಹಿಡಿದಿದ್ದಳು. ಒಂದಕ್ಕೆ ಆರು ಬೊಟ್ಟು, ಇನ್ನೊಂದು ಬೆಳ್ಳಗೆ. ಸಾಹೇಬರು ಕನ್ನಡಕ ಏರಿಸಿ ನೋಡಿ, ಸರಿ ಎಂದು ತಲೆಯಾಡಿಸಿದರು.

“ನೋಡಿದ್ರಾ? ಮುಗೀತಾ?” ಎಂದರು ಅತ್ತೆ. ಮುಗಿಯಿತು ಎಂದೆ. ಅದನ್ನೇ ಕಾಯುತ್ತಿದ್ದವರಂತೆ ಕುಂಕುಮದ ಬಟ್ಟಲಿಗೆ ಬೆರಳದ್ದಿ, ಎಲ್ಲರ ಕಣ್ಣೆದುರೇ ಹೊಸ ಅಸಲಿನ ಮೇಲೆ ಒಂದು ಬೊಟ್ಟು ಒತ್ತಿಬಿಟ್ಟರು.

ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. ಏನಿದು ಎಂದು ಕೇಳಿದರು. ಮಗು ಚೆನ್ನಾಗಿರಲಿ ಎಂದು ಅಜ್ಜಿ ಮಾಡುವ ಪೂಜೆ ಎಂದೆ. ಅಷ್ಟರಲ್ಲಿ ಅತ್ತೆ, “ಪಾಪ, ಆ ಹಿರೇರಿಗೂ ಚೊಲೋ ಆಗ್ಲಿ,” ಎನ್ನುತ್ತ ಪರದೆಯ ಮೇಲಿನ ಅವರ ಹಣೆಗೆ ಬೆರಳು ತಂದರು. ಬೆರಳು ಜಾರಿ ಎಲ್ಲಿಗೆ ತಾಗಿತೋ, ಫೋನೇ ಕಟ್ಟಾಯಿತು.

ಈಗೇನಾಯಿತು ಎಂದರು ಸಾಹೇಬರು. ನಿಮಗೂ ಒಂದು ಹಚ್ಚಿದರು ಎಂದೆ.

ಅವರು ಹಣೆ ಮುಟ್ಟಿ ನೋಡಿಕೊಂಡರು. ಆಮೇಲೆ ಮೊಹರು ತೆಗೆದು, ಕೆಂಪು ಶಾಯಿಗೆ ಅದ್ದಿ, ಹೊಸ ನಕಲಿನ ನಟ್ಟನಡುವೆ, ಸರಿಯಾಗಿ ಹುಟ್ಟಿದ ತಾರೀಖಿನ ಮೇಲೆಯೇ ಒತ್ತಿದರು. “ಆ ಅಜ್ಜಿಗೆ ಹೇಳಿ,” ಎಂದರು, “ನಮ್ಮದೂ ಒಂದು ಬೊಟ್ಟು.”

ಮಗಳು ಈಗ ನನ್ನ ಪಕ್ಕದಲ್ಲೇ ಕೂತು ಮಗ್ಗಿ ಬರೆಯುತ್ತಿದ್ದಾಳೆ. ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಗುಡ್ಡದ ಮಲ್ಲಯ್ಯ ಒಳ್ಳೆಯದು ಮಾಡಲಿ. ನಿಮ್ಮ ಮಕ್ಕಳು ನಿಮ್ಮ ಕಣ್ಣ ಮುಂದಿರಲಿ, ನಿಮ್ಮ ಕಾಗದಗಳು ಎಲ್ಲ ಕೌಂಟರನ್ನೂ ದಾಟಲಿ, ಅಜ್ಜಿಯರ ಬೆರಳು ಮಾತ್ರ ತುಸು ತಾರೀಖಿನ ಆಚೆಗೆ ಬೀಳಲಿ.