ಬೀದಿಗಿಳಿದರೆ ಮುನಿಯುವ ಬ್ರಷ್ಷು

ಮೆಮೋದಲ್ಲಿ ಇದ್ದದ್ದು ಮೂರೇ ಸಾಲು. ಮೂರನೆಯ ಸಾಲಿನಲ್ಲಿದ್ದ ‘ಬೇಜವಾಬ್ದಾರಿತನ’ ಎಂಬ ಪದ ಮಾತ್ರ ಟೆಸ್ಟರಣ್ಣನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ನಗರದ ಸ್ವಚ್ಛತಾ ವಿಭಾಗದ ವರ್ಕ್‌ಶಾಪಿನಲ್ಲಿ ಅವನು ಇಪ್ಪತ್ತೆರಡು ವರ್ಷಗಳಿಂದ ಎಲೆಕ್ಟ್ರಿಷಿಯನ್. ಚಪ್ಪಲಿ ಮರೆತು ಮನೆ ಬಿಟ್ಟಾನು, ಜೇಬಿನಲ್ಲಿ ಟೆಸ್ಟರ್ ಇಲ್ಲದೆ ಬಿಡಲಾರ. ಅದಕ್ಕೇ ಆ ಹೆಸರು. ಕಳೆದ ವರ್ಷ ಬಂದ ಪುಟ್ಟ ಲೋಡರ್ ಗಾಡಿಯೊಂದಕ್ಕೆ ಮುಂಭಾಗದಲ್ಲಿ ರಸ್ತೆ ಗುಡಿಸುವ ಉರುಳು ಬ್ರಷ್ಷು ಜೋಡಿಸಿದ್ದರು. ಗಾಡಿಯಿಂದ ಬ್ರಷ್ಷಿಗೆ ಒಂದು ದಪ್ಪ ವೈರು, ನಡುವೆ ಒಂದು ಗುಂಡು ಪ್ಲಗ್. ಒಂದು ತಿಂಗಳಿಂದ ಈ ಬ್ರಷ್ಷು ಬೀದಿಯಲ್ಲಿ ಗುಡಿಸುತ್ತ ಗುಡಿಸುತ್ತ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ವರ್ಕ್‌ಶಾಪಿಗೆ ತಂದರೆ ಇನ್ಸ್‌ಪೆಕ್ಟರು ಬಂದ ದಿನದ ತರಗತಿಯಂತೆ ಬಲು ಶಿಸ್ತಾಗಿ ತಿರುಗುತ್ತಿತ್ತು. ಟೆಸ್ಟರಣ್ಣ ಮೂರು ಸಲ ಪರೀಕ್ಷಿಸಿ, ಮೂರು ಸಲವೂ ರಿಜಿಸ್ಟರಿನಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದಿದ್ದ. ನಾಲ್ಕನೆಯ ಸಲ ಅದು ನಿಂತದ್ದು ವಿಭಾಗದ ಸಾಹೇಬರ ಮನೆಯ ಗೇಟಿನ ಎದುರಿಗೆ. ಇವತ್ತು ಸಂಜೆಯೊಳಗೆ ದೋಷ ಪತ್ತೆಯಾಗದಿದ್ದರೆ ಆ ಪದ ನೇರ ಅವನ ಸೇವಾ ಪುಸ್ತಕಕ್ಕೆ ಹೋಗುತ್ತಿತ್ತು.

“ಇಪ್ಪತ್ತೆರಡು ವರ್ಷ,” ಎಂದು ಅವನು ಗಾಡಿಗೇ ಹೇಳಿದ. “ಒಂದು ಫ್ಯೂಸೂ ತಪ್ಪಾಗಿ ಹಾಕಿದವನಲ್ಲ ನಾನು. ನಿನ್ನಿಂದ ನಂಗೆ ಮೆಮೋ.”

ಸೀಟಿನ ಮೇಲೆ ಕೂತು ಗುಂಡಿ ಒತ್ತಿದ. ಬ್ರಷ್ಷು ಗುಂಯ್ ಎಂದು ತಿರುಗಿತು. ಅದನ್ನು ಆರಿಸಿ ತಾನು ಕೆಳಗಿಳಿದು, ಗಾಡಿಯ ಡ್ರೈವರನನ್ನು ಕೂರಿಸಿ ಮತ್ತೆ ಗುಂಡಿ ಒತ್ತಿಸಿ, ವೈರನ್ನು ಎಳೆದ, ತಿರುಚಿದ, ಪ್ಲಗ್ಗನ್ನು ಮರದ ಹಿಡಿಯಿಂದ ತಟ್ಟಿದ. ಅರ್ಧ ಗಂಟೆಯಾದರೂ ಅದು ಉಸಿರು ತಗೊಳ್ಳಲೂ ನಿಲ್ಲಲಿಲ್ಲ.

“ನೋಡಪ್ಪಾ, ಚೆನ್ನಾಗೇ ಇದೆಯಲ್ಲ?” ಎಂದ.

ಡ್ರೈವರನ ಮುಖ ಕೆಂಪಾಯಿತು. “ಹಂಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ? ಬೀದಿಗೆ ಬಂದು ನೋಡಿ. ಇಲ್ಲಿ ನಿಮ್ಮ ಮುಂದೆ ಯಾರು ಬೇಕಾದ್ರೂ ತಿರುಗ್ತಾರೆ.”

ಗಾಡಿಯಲ್ಲಿ ಇದ್ದದ್ದು ಒಂದೇ ಸೀಟು. ಆದ್ದರಿಂದ ಪ್ಲಗ್ಗಿನಿಂದ ಎರಡು ಉದ್ದ ವೈರು ಎಳೆದು, ಅವುಗಳ ತುದಿಗೆ ಸಿಕ್ಕಿಸಿದ ಕರೆಂಟು ನೋಡುವ ಮೀಟರನ್ನು ಎದೆಗೆ ಅವುಚಿಕೊಂಡು, ಟೆಸ್ಟರಣ್ಣ ಗಾಡಿಯ ಪಕ್ಕ ನಡೆಯತೊಡಗಿದ. ಸ್ವಲ್ಪ ದೇಹ ಬೆಳೆಸಿದ ಆಳು. ಬ್ರಷ್ಷು ಮುಂದೆ, ಗಾಡಿ ಹಿಂದೆ, ಪಕ್ಕದಲ್ಲಿ ಏದುಸಿರು ಬಿಡುತ್ತ ಇವನು. ಹಟಮಾರಿ ಎಮ್ಮೆ ಇವನನ್ನೇ ಮೇಯಿಸಲು ಕರೆದೊಯ್ಯುತ್ತಿರುವಂತೆ ಕಾಣುತ್ತಿತ್ತು.

ದರ್ಜಿ ಅಂಗಡಿಯ ಮುಂದೆ ರಸ್ತೆಗೆ ಅಡ್ಡಲಾಗಿ ಒಂದು ಹಂಪ್ ಇತ್ತು. ಗಾಡಿ ಅದನ್ನು ದಡಕ್ಕೆಂದು ಹತ್ತಿ ಇಳಿಯಿತು. ಬ್ರಷ್ಷು ನಿಂತಿತು. ಮೀಟರ್ ಸೊನ್ನೆಗೆ ಬಿತ್ತು.

“ಸಿಕ್ತು,” ಎಂದು ಟೆಸ್ಟರಣ್ಣ ಪ್ಲಗ್ಗಿಗೆ ಕೈ ಹಾಕಿದ. ಅದೇ ಗಳಿಗೆಯಲ್ಲಿ ಡ್ರೈವರ್ ಮೇಲಿನಿಂದ ಗುಂಡಿಯನ್ನು ಮತ್ತೆ ಒತ್ತಿದ. ಬ್ರಷ್ಷು ತಿರುಗಿತು.

ಎದುರುಮನೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ನಿವೃತ್ತ ಹೆಡ್‌ಮಾಸ್ಟರು ಕನ್ನಡಕ ಏರಿಸಿದರು. “ಪ್ಲಗ್ ಸಡಿಲ. ನಾನು ಮೊದಲ ದಿನಾನೇ ಅಂದ್ಕೊಂಡೆ.”

“ಪ್ಲಗ್ ಸಡಿಲ ಆಗಿದ್ರೆ ವರ್ಕ್‌ಶಾಪಲ್ಲಿ ನಾನು ತಿರುಚಿದಾಗ್ಲೇ ನಿಲ್ಬೇಕಿತ್ತು ಸಾರ್.”

“ವಾದ ಮಾಡ್ಬೇಡಿ. ಈಗ ಮುಟ್ಟಿದ್ರಿ, ಶುರುವಾಯ್ತು. ಕಣ್ಣಾರೆ ಕಂಡಿದ್ದೀನಿ.” ಹೆಡ್‌ಮಾಸ್ಟರು ಪೇಪರನ್ನು ಮಡಚಿ ಬೀದಿಗಿಳಿದರು. ಅವರ ಹಿಂದೆ ಬೀದಿಯ ನಾಲ್ಕಾರು ಜನ ಇಳಿದರು.

ಗಾಡಿಯನ್ನು ಹಿಂದೆ ತಂದು ಮತ್ತೆ ಹಂಪ್ ಹತ್ತಿಸಿದರು. ಮತ್ತೆ ನಿಂತಿತು. ಈ ಸಲ ಟೆಸ್ಟರಣ್ಣ ಡ್ರೈವರನಿಗೆ, “ನಾನು ಹೇಳೋವರೆಗೆ ಗುಂಡಿ ಮುಟ್ಬೇಡ,” ಎಂದು ಮೂರು ಸಲ ಎಚ್ಚರಿಕೆ ಕೊಟ್ಟು, ಗಾಡಿಯ ಪಕ್ಕದಲ್ಲಿ ನೆಲಕ್ಕೆ ಕೂತು, ವೈರು ಎಲ್ಲಾದರೂ ಉಜ್ಜಿದೆಯೇ ಎಂದು ಬೆರಳಿನಿಂದ ತಡವುತ್ತ ಹೋದ.

“ಹ್ಞಾ, ಈಗ ಒತ್ತಪ್ಪ,” ಎಂದರು ಹೆಡ್‌ಮಾಸ್ಟರು. ನಲವತ್ತು ವರ್ಷ ತರಗತಿಯನ್ನು ಎದ್ದು ನಿಲ್ಲಿಸಿದ ದನಿ ಅದು. ಡ್ರೈವರನ ಬೆರಳು ತಾನಾಗಿ ಗುಂಡಿಗೆ ಹೋಯಿತು.

ಬ್ರಷ್ಷು ಬೀದಿಯ ಒಂದು ವಾರದ ಧೂಳನ್ನು ಒಟ್ಟಿಗೆ ಎತ್ತಿ ಎಸೆಯಿತು. ಅರ್ಧ ಟೆಸ್ಟರಣ್ಣನ ಮುಖಕ್ಕೆ. ಇನ್ನರ್ಧ, ದರ್ಜಿಯಮ್ಮ ಇಸ್ತ್ರಿ ಮಾಡಿ ಅಂಗಡಿಯ ಬಾಗಿಲಿಗೆ ತೂಗುಹಾಕಿದ್ದ ಆರು ಬಿಳಿ ಅಂಗಿಗಳಿಗೆ.

ದರ್ಜಿಯಮ್ಮ ಕತ್ತರಿ ಹಿಡಿದೇ ಹೊರಗೆ ಬಂದಳು. “ಇದೇನು ಗುಡಿಸೋ ಗಾಡಿನೋ, ಸುಣ್ಣ ಬಳಿಯೋ ಗಾಡಿನೋ? ಮಧ್ಯಾಹ್ನ ಕೊಡ್ಬೇಕಾದ ಬಟ್ಟೆ ಕಣಯ್ಯಾ ಇವು.”

“ನಾನು ಗುಂಡಿ ಒತ್ತಿಲ್ಲಮ್ಮ.”

“ಧೂಳು ನಿನ್ನ ಮೀಸೆ ಮೇಲಿದೆ. ಬೇರೆ ಯಾರನ್ನ ಕೇಳ್ಲಿ?”

ಟೆಸ್ಟರಣ್ಣ ಮೀಸೆ ಒರೆಸಿಕೊಂಡ. ಹೇಳಬೇಕೆಂದಿದ್ದ ನೂರು ಮಾತು ಬಾಯಿಗೆ ಬಂದವು; ಜೊತೆಗೆ ಧೂಳೂ ಬಂದದ್ದರಿಂದ ಕೆಮ್ಮು ಮಾತ್ರ ಹೊರಟಿತು. ಅವನು ಕೆಮ್ಮಿ ಮುಗಿಸುವಷ್ಟರಲ್ಲಿ ಹೆಡ್‌ಮಾಸ್ಟರು ಫೋನು ಮಾಡಿದ್ದರು, ಸಾಹೇಬರು ಜೀಪಿನಲ್ಲಿ ಬಂದಿಳಿದಿದ್ದರು.

“ಏನ್ರೀ ಇದು ಸಂತೆ?” ಎಂದರು ಸಾಹೇಬರು. “ದೋಷ ಹುಡುಕಿ ಅಂದ್ರೆ ಮೆರವಣಿಗೆ ತೆಗೀತಿದ್ದೀರಲ್ಲ.”

ಟೆಸ್ಟರಣ್ಣನಿಗೆ ಇನ್ನು ತಡೆಯಲಾಗಲಿಲ್ಲ. “ಇಳಿಯಯ್ಯಾ ಕೆಳಗೆ,” ಎಂದು ಡ್ರೈವರನನ್ನು ಇಳಿಸಿದ. ತಾನು ಹತ್ತಿ ಕೂತು, ಬ್ರಷ್ಷು ತಿರುಗಿಸಿ, ಅದೇ ಹಂಪನ್ನು ಅದೇ ವೇಗದಲ್ಲಿ ನಾಲ್ಕು ಸಲ ಹತ್ತಿಳಿಸಿದ. ಬ್ರಷ್ಷು ಒಂದು ಸಲವೂ ನಿಲ್ಲಲಿಲ್ಲ.

“ನೋಡಿದ್ರಾ ಸಾರ್? ಯಾರ ಬೇಜವಾಬ್ದಾರಿ ಇದು?”

“ಏನಂದ್ರಿ?” ಡ್ರೈವರ್ ತೋಳು ಮಡಚಿದ. “ನಾನೇನು ಬೇಕಂತ ನಿಲ್ಲಿಸ್ತೀನಾ? ನೀವೇ ನೋಡಿ ಸಾರ್.” ಅವನು ಹತ್ತಿದ, ಹಂಪ್ ಹತ್ತಿಸಿದ. ನಿಂತಿತು.

ಈ ಸಲ ಟೆಸ್ಟರಣ್ಣ ಮೀಟರನ್ನೂ ನೋಡಲಿಲ್ಲ, ಪ್ಲಗ್ಗನ್ನೂ ನೋಡಲಿಲ್ಲ. ಡ್ರೈವರನನ್ನು ನೋಡಿದ. ಗಾಡಿ ದಡಕ್ಕೆಂದಾಗ ಅವನ ಮೈ ಸೀಟಿನಿಂದ ಒಂದು ಗೇಣು ಮೇಲೆ ಹಾರಿ ಮತ್ತೆ ಕೂತಿತ್ತು.

“ತೂಕ ಎಷ್ಟಯ್ಯಾ ನಿಂದು?”

ಡ್ರೈವರ್ ಎದೆಯುಬ್ಬಿಸಿದ. “ಐವತ್ತೆರಡು. ಮೂರು ತಿಂಗಳಲ್ಲಿ ಹದಿನಾಲ್ಕು ಕಿಲೋ ಇಳ್ಸಿದ್ದೀನಿ. ದಿನಾ ಓಡ್ತೀನಿ. ಡಾಕ್ಟ್ರೇ ಭೇಷ್ ಅಂದ್ರು.”

ಟೆಸ್ಟರಣ್ಣ ಸೀಟನ್ನು ಎತ್ತಿದ. ಕೆಳಗೆ, ಗಡುಸಾದ ಸ್ಪ್ರಿಂಗಿನ ಮೇಲೆ, ಬೆರಳುದ್ದದ ಒಂದು ಸ್ವಿಚ್ಚು. ಸೀಟಿನಲ್ಲಿ ಜನ ಇಲ್ಲದಿದ್ದರೆ ಬ್ರಷ್ಷಿಗೆ ಕರೆಂಟು ಕಡಿಯಲಿ ಎಂದು ಇಟ್ಟದ್ದು. ಡ್ರೈವರ್ ಹಗುರವಾಗಿ ಹಾರಿದಾಗಲೆಲ್ಲ ಅದು ಅವನು ಬಿದ್ದೇ ಹೋದನೆಂದು ತಿಳಿದು ತನ್ನ ಕೆಲಸ ಮಾಡುತ್ತಿತ್ತು; ಗುಂಡಿ ಮತ್ತೆ ಒತ್ತುವವರೆಗೆ ಕರೆಂಟು ಬಿಡುತ್ತಿರಲಿಲ್ಲ.

“ವೈರಲ್ಲಿ ದೋಷ ಇಲ್ಲ, ಪ್ಲಗ್ಗಲ್ಲಿ ಇಲ್ಲ, ನನ್ನಲ್ಲಂತೂ ಇಲ್ಲವೇ ಇಲ್ಲ,” ಎಂದು ಟೆಸ್ಟರಣ್ಣ ಇಡೀ ಬೀದಿಗೆ ಕೇಳುವಂತೆ ಹೇಳಿದ. “ಮೂರು ಸಲ ನಾನು ಬರೆದದ್ದು ಅಕ್ಷರಶಃ ಸತ್ಯ.”

ಸಾಹೇಬರು ಬಗ್ಗಿ ಸ್ವಿಚ್ಚು ನೋಡಿದರು. “ಮೆಮೋ ವಾಪಸ್ ತಗೋತೀನಿ. ಸ್ವಿಚ್ಚು ತೆಗೆದುಹಾಕಿ ನೇರ ಕನೆಕ್ಷನ್ ಕೊಟ್ರೆ?”

“ಆಗೋದಿಲ್ಲ ಸಾರ್. ಯಾರಾದ್ರೂ ಬಿದ್ರೆ ಬ್ರಷ್ಷು ಕಾಲು ತಿನ್ನುತ್ತೆ. ನನ್ನ ಕೈಯಿಂದ ಆ ಪಾಪ ಆಗಲ್ಲ.”

“ಸೀಟಿನ ಮೇಲೆ ಮರಳು ಮೂಟೆ ಇಡಿ,” ಎಂದರು ಹೆಡ್‌ಮಾಸ್ಟರು.

“ಚೆನ್ನಾಗಿದೆ. ಇವನು ಬಿದ್ರೂ ಮೂಟೆ ಕೂತಿರುತ್ತೆ, ಬ್ರಷ್ಷು ಓಡ್ತಿರುತ್ತೆ. ಅದೂ ಆಗಲ್ಲ.”

“ಹಗ್ಗದಲ್ಲಿ ಕಟ್ಟಿ ಹಾಕಿ,” ಎಂದಳು ದರ್ಜಿಯಮ್ಮ, ಅಂಗಿ ಕೊಡವುತ್ತ.

“ಮನುಷ್ಯನ್ನ ಗಾಡಿಗೆ ಕಟ್ಟೋದಾ? ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಹೇಳ್ತಿದ್ದೀನಿ, ಮೆತ್ತನೆ ಸ್ಪ್ರಿಂಗು ತರಿಸ್ಬೇಕು. ಅಲ್ಲಿವರೆಗೆ ಸೀಟಿನಿಂದ ಏಳದ ತೂಕದ ಆಳು ಕೂರ್ಬೇಕು. ಬೇರೆ ದಾರಿನೇ ಇಲ್ಲ ಸಾರ್. ಬರೆದು ಕೊಡ್ತೀನಿ ಬೇಕಾದ್ರೆ.”

“ಸ್ಪ್ರಿಂಗು ಬರೋಕೆ?”

“ಕಂಪನಿಯಿಂದ ಬರ್ಬೇಕು. ಆರು ತಿಂಗಳಾದ್ರೂ ಬೇಕು.”

ಸಾಹೇಬರು ತಲೆದೂಗಿದರು. ಇಷ್ಟು ಸ್ಪಷ್ಟವಾಗಿ ಮಾತಾಡುವ ನೌಕರ ತಮ್ಮ ವಿಭಾಗದಲ್ಲಿದ್ದಾನೆಂದು ಅವರಿಗೆ ಸಂತೋಷವಾದಂತಿತ್ತು. ಒಮ್ಮೆ ಸೀಟನ್ನು ನೋಡಿದರು. ಒಮ್ಮೆ ಟೆಸ್ಟರಣ್ಣನನ್ನು, ಮೇಲಿಂದ ಕೆಳಗೆ, ಸೊಂಟದ ಬಳಿ ಸ್ವಲ್ಪ ನಿಂತು, ನೋಡಿದರು. ಬೀದಿಯ ಜನರೂ ನೋಡಿದರು.

“ಸಾರ್, ನಾನು ಎಲೆಕ್ಟ್ರಿಷಿಯನ್,” ಎಂದ ಟೆಸ್ಟರಣ್ಣ, ದನಿ ತಗ್ಗಿಸಿ.

“ನಾಲ್ಕು ಸಲ ಹಂಪ್ ಹತ್ತಿಸಿದ್ದನ್ನ ಎಲ್ಲರೂ ನೋಡಿದ್ದಾರಲ್ಲ,” ಎಂದರು ಸಾಹೇಬರು. “ಗಾಡಿ ನಿಮ್ಮ ಮಾತು ಕೇಳುತ್ತೆ. ವರ್ಕ್‌ಶಾಪಲ್ಲಿ ನಿಮ್ಮ ಜಾಗ ಈ ಡ್ರೈವರ್ ನೋಡ್ಕೋತಾರೆ.”

ಡ್ರೈವರ್ ಮೀಟರನ್ನು ಟೆಸ್ಟರಣ್ಣನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. “ಚಿಂತೆ ಮಾಡ್ಬೇಡಿ ಅಣ್ಣ. ದೋಷ ಕಂಡುಬಂದಿಲ್ಲ ಅಂತ ಬರೆಯೋದು ತಾನೇ? ಕಲ್ತ್ಕೋತೀನಿ.”

ಇನ್ನೂ ಅರ್ಧ ಬೀದಿ ಗುಡಿಸುವುದು ಬಾಕಿಯಿತ್ತು. ಟೆಸ್ಟರಣ್ಣ ಹತ್ತಿ ಕೂತ. ಹೆಡ್‌ಮಾಸ್ಟರು ಮುಂದೆ ನಿಂತು ಬಲಕ್ಕೆ, ಎಡಕ್ಕೆ ಎಂದು ಕೈ ತೋರಿಸತೊಡಗಿದರು. ಬೀದಿಯ ಕೊನೆಯಲ್ಲಿ ಇನ್ನೊಂದು ಹಂಪ್ ಕಂಡಿತು. ಅವನು ಹಲ್ಲು ಕಚ್ಚಿ, ಎರಡೂ ಹಿಡಿಕೆ ಭದ್ರವಾಗಿ ಹಿಡಿದು, ಗಾಡಿ ದಡಕ್ಕೆನ್ನುವ ಹೊತ್ತಿಗೆ ಸರಿಯಾಗಿ, ಮೈಯ ಶಕ್ತಿಯನ್ನೆಲ್ಲ ಹಾಕಿ ಸೀಟಿನಿಂದ ಮೇಲೇಳಲು ನೋಡಿದ.

ಬ್ರಷ್ಷು ಗುಂಯ್ ಎನ್ನುತ್ತಲೇ ಇತ್ತು.